ಒಂದೇ ಉತ್ತರ ಪತ್ರಿಕೆ, ಎರಡು ಫಲಿತಾಂಶ

18 ಪ್ರಶ್ನೆಗಳ ಉತ್ತರ ಪತ್ರಿಕೆಯೊಂದನ್ನು ಇಬ್ಬರು ಮೌಲ್ಯಮಾಪಕರು ನೋಡುತ್ತಾರೆ ಎಂದುಕೊಳ್ಳಿ. ಒಬ್ಬರು 3 ಉತ್ತರ ಸರಿ, 4 ಅರ್ಧಂಬರ್ಧ, 11 ತಪ್ಪು ಎನ್ನುತ್ತಾರೆ. ಇನ್ನೊಬ್ಬರು 9 ತೃಪ್ತಿಕರ ಎನ್ನುತ್ತಾರೆ. ನಮ್ಮಲ್ಲಿ ಹೀಗಾದರೆ ಮಾರನೆಯ ದಿನವೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಸಾಲು ನಿಲ್ಲುತ್ತದೆ. 2007ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಇಂಥದ್ದೇ ನಡೆಯಿತು. ಅಲ್ಲಿ ಪರೀಕ್ಷೆಗೆ ಕೂತಿದ್ದು ಇರಾಕ್ ಸರ್ಕಾರ.

ಇರಾಕ್ ಯುದ್ಧ ಶುರುವಾದಾಗ ನಾನಿನ್ನೂ ಹುಟ್ಟಿರಲಿಲ್ಲ. 2003ರ ಮಾರ್ಚ್‌ನಲ್ಲಿ ಅಮೆರಿಕ ದಾಳಿ ಮಾಡಿತು. ಮೇ 1ರಂದು ಅಧ್ಯಕ್ಷ ಜಾರ್ಜ್ ಬುಷ್ ಯುದ್ಧನೌಕೆಯ ಮೇಲೆ ನಿಂತು ಪ್ರಮುಖ ಕಾರ್ಯಾಚರಣೆ ಮುಗಿಯಿತೆಂದರು. ಅವರ ಹಿಂದೆ ‘ಕೆಲಸ ಪೂರ್ಣಗೊಂಡಿದೆ’ ಎಂಬರ್ಥದ ಬ್ಯಾನರ್ ಇತ್ತು. ಯುದ್ಧಕ್ಕೆ ಕಾರಣವೆಂದು ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಮಾತ್ರ ಸಿಗಲೇ ಇಲ್ಲ. ಆಮೇಲಿನ ವರ್ಷಗಳಲ್ಲಿ ಅಲ್ಲಿ ಹರಿದ ರಕ್ತಕ್ಕೆ ಲೆಕ್ಕವಿಲ್ಲ. 2007ರಲ್ಲಿ ಬುಷ್ ಸುಮಾರು 30,000 ಹೆಚ್ಚುವರಿ ಸೈನಿಕರನ್ನು ಕಳುಹಿಸಿದರು. ಅಷ್ಟರಲ್ಲಿ ಅಮೆರಿಕದ ಸಂಸತ್ತು ಎರಡು ಪಾಳೆಯವಾಗಿತ್ತು. ಡೆಮಾಕ್ರಟಿಕ್ ಪಕ್ಷದ ಸೆನೆಟ್ ನಾಯಕ ಹ್ಯಾರಿ ರೀಡ್ ಏಪ್ರಿಲ್‌ನಲ್ಲೇ ಈ ಯುದ್ಧ ಸೋತಾಗಿದೆ ಎಂದರು. ರಿಪಬ್ಲಿಕನ್ನರು ಇನ್ನಷ್ಟು ಸಮಯ ಕೊಡಿ ಎಂದರು. ಸೆಪ್ಟೆಂಬರ್‌ನಲ್ಲಿ ಜನರಲ್ ಡೇವಿಡ್ ಪೆಟ್ರೇಯಸ್ ಸಂಸತ್ತಿನ ಮುಂದೆ ಬಂದು ಸೇನೆಯ ಗುರಿಗಳು ಬಹುಮಟ್ಟಿಗೆ ಈಡೇರುತ್ತಿವೆ ಎಂದರು.

ಈ ಜಗಳ ತೀರ್ಮಾನಿಸಲೆಂದೇ ಇರಾಕ್ ಸರ್ಕಾರಕ್ಕೆ 18 ಗುರಿಗಳ ಪಟ್ಟಿಯೊಂದು ಕಾನೂನಿನಲ್ಲಿ ಸೇರಿತು. ತೈಲ ಆದಾಯ ಹಂಚಿಕೆಯ ಕಾನೂನು, ಪ್ರಾಂತೀಯ ಚುನಾವಣೆ, ಪುನರ್ನಿರ್ಮಾಣಕ್ಕೆ 1,000 ಕೋಟಿ ಡಾಲರ್ ವೆಚ್ಚ ಹೀಗೆ. ನಮ್ಮ ಸಿಎಜಿಯಂಥ ಸಂಸ್ಥೆಯಾದ ಜಿಎಒ 3 ಗುರಿ ಮಾತ್ರ ಮುಟ್ಟಿದೆ ಎಂದಿತು. ಅಧ್ಯಕ್ಷರ ಕಚೇರಿ 9ರಲ್ಲಿ ತೃಪ್ತಿಕರ ಪ್ರಗತಿ ಎಂದಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಕಾನೂನು ಜಿಎಒಗೆ ‘ಗುರಿ ಮುಟ್ಟಿದೆಯೇ’ ಎಂದು ಕೇಳಿತ್ತು, ಅಧ್ಯಕ್ಷರಿಗೆ ‘ಪ್ರಗತಿ ತೃಪ್ತಿಕರವೇ’ ಎಂದು ಕೇಳಿತ್ತು. ಪ್ರಶ್ನೆಯೇ ಬೇರೆಯಾದ ಮೇಲೆ ಉತ್ತರ ಒಂದೇ ಆಗುವುದು ಹೇಗೆ? ಆದರೆ ಜನರಿಗೆ ಈ ವ್ಯತ್ಯಾಸ ಹೇಳುವುದು ಯಾರಿಗೂ ಬೇಕಿರಲಿಲ್ಲ. ತಮಗೆ ಬೇಕಾದ ಅಂಕಿ ಹಿಡಿದು ಇಬ್ಬರೂ ಟಿ.ವಿ. ಮುಂದೆ ಕೂತರು.

ಎಲೆಕ್ಟ್ರಿಕಲ್ ವಿಭಾಗದ ವಿದ್ಯಾರ್ಥಿಯಾದ ನನಗೆ ಇದಕ್ಕಿಂತ ಸ್ಪಷ್ಟವಾಗಿ ಅರ್ಥವಾಗುವುದು ಇರಾಕಿನ ಕರೆಂಟ್ ಕಥೆ. ಯುದ್ಧಕ್ಕೆ ಮೊದಲು ಅಲ್ಲಿನ ವಿದ್ಯುತ್ ಉತ್ಪಾದನೆ ಸುಮಾರು 4,000 ಮೆಗಾವಾಟ್. ಅಮೆರಿಕದ ಆಡಳಿತ 2004ರ ಬೇಸಿಗೆಗೆ 6,000ದ ಗುರಿ ಇಟ್ಟುಕೊಂಡು ತಲುಪಲಾಗದೆ ಹೋಯಿತು. ಕೆಲವು ವರ್ಷಗಳ ನಂತರ ಉತ್ಪಾದನೆ ಹಳೆಯ ಮಟ್ಟ ದಾಟಿದ್ದು ನಿಜ. ‘ನೋಡಿ, ಸುಧಾರಿಸಿದೆ’ ಎಂದರು ಒಂದು ಪಕ್ಷದವರು. ಆದರೆ ಬಾಗ್ದಾದಿನ ಮನೆಗಳಲ್ಲಿ ಕತ್ತಲೆ ಹೆಚ್ಚಿತ್ತು. ಸದ್ದಾಂ ಹುಸೇನ್ ಕಾಲದಲ್ಲಿ ರಾಜಧಾನಿಗೆ ದಿನಕ್ಕೆ 16ರಿಂದ 24 ಗಂಟೆ ಕರೆಂಟ್ ಇದ್ದರೆ, ಉಳಿದ ಕಡೆ 4ರಿಂದ 8 ಗಂಟೆ. ಯುದ್ಧದ ನಂತರ ಹಂಚಿಕೆ ಬದಲಾಗಿ ಕೆಲವು ಊರುಗಳಿಗೆ ಲಾಭವಾಯಿತು, ಬಾಗ್ದಾದಿಗೆ ನಷ್ಟವಾಯಿತು. ಜೊತೆಗೆ ಆಮದು ಸಲೀಸಾಗಿ ಎ.ಸಿ., ಫ್ರಿಜ್‌ಗಳು ಬಂದು ಬೇಡಿಕೆ ಏರಿತು. ಕೊನೆಗೆ ಜನ ಬೀದಿಗೊಂದು ಖಾಸಗಿ ಜನರೇಟರ್ ನಂಬಿಕೊಂಡು, ಆಂಪಿಯರ್ ಲೆಕ್ಕದಲ್ಲಿ ತಿಂಗಳ ಹಣ ಕಟ್ಟಬೇಕಾಯಿತು. ಸ್ಥಾವರದಲ್ಲಿ ಅಳೆದರೆ ಪಾಸು, ಮನೆಯ ಸ್ವಿಚ್ ಹತ್ತಿರ ಅಳೆದರೆ ಫೇಲು. ಇದರಲ್ಲಿ ಯಾವ ಅಳತೆ ಮುಖ್ಯವೆಂದು ಆ ಮನೆಯವರನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಉದಾಹರಣೆ ಪ್ರತಿ ಸಿವಿಲ್ ವಿದ್ಯಾರ್ಥಿಯೂ ಓದಬೇಕಾದದ್ದು. ಉತ್ತರ ಇರಾಕಿನ ಅಲ್ ಫತಾ ಎಂಬಲ್ಲಿ ಟೈಗ್ರಿಸ್ ನದಿ ದಾಟುವ ತೈಲ ಪೈಪ್‌ಗಳು ಸೇತುವೆಯ ಜೊತೆ 2003ರ ಬಾಂಬ್ ದಾಳಿಗೆ ತುತ್ತಾದವು. ನದಿಯ ಅಡಿಯಲ್ಲೇ ಕೊರೆದು ಹೊಸ ಪೈಪ್ ಹಾಯಿಸಲು ಸುಮಾರು 7.5 ಕೋಟಿ ಡಾಲರ್‌ನ ಯೋಜನೆ ಸಿದ್ಧವಾಯಿತು. ಆ ಮಣ್ಣಿನಲ್ಲಿ ಹಾಗೆ ಕೊರೆಯಲಾಗದು ಎಂದು ಭೂಪರೀಕ್ಷೆ ಮಾಡಿದ ತಜ್ಞರು ಮೊದಲೇ ಎಚ್ಚರಿಸಿದ್ದರು. ಕೇಳಲಿಲ್ಲ. ಹಣ ಖಾಲಿಯಾಯಿತು, ಕೊರೆಯುವ ಕೆಲಸ ಮುಗಿಯಲಿಲ್ಲ. ಪುನರ್ನಿರ್ಮಾಣದ ಲೆಕ್ಕ ನೋಡಲೆಂದೇ ಅಮೆರಿಕ ನೇಮಿಸಿದ್ದ ವಿಶೇಷ ಮಹಾಪರಿವೀಕ್ಷಕರ ಕಚೇರಿಯೇ ಇದನ್ನು 2006ರಲ್ಲಿ ಬಯಲಿಗೆಳೆಯಿತು. ಪುನರ್ನಿರ್ಮಾಣಕ್ಕೆ ಅಮೆರಿಕ ತೆಗೆದಿಟ್ಟ ಒಟ್ಟು ಹಣ ಸುಮಾರು 6,000 ಕೋಟಿ ಡಾಲರ್. ಖರ್ಚಾದ ಹಣವನ್ನೇ ಸಾಧನೆ ಎಂದು ತೋರಿಸುವ ಅಭ್ಯಾಸ ನಮಗೂ ಹೊಸದಲ್ಲ.

ಹಾಗಂತ ಯುದ್ಧ ವಿರೋಧಿಗಳು ಹೇಳಿದ್ದೆಲ್ಲ ಸರಿ ಎಂದಲ್ಲ. 2008ರ ಹೊತ್ತಿಗೆ ಹಿಂಸೆ ನಿಜವಾಗಿಯೂ ಇಳಿಯಿತು. ಅದನ್ನು ಒಪ್ಪಲು ಹಲವರಿಗೆ ಬಾಯಿ ಬರಲಿಲ್ಲ. ಹೆಚ್ಚುವರಿ ಸೈನ್ಯದಿಂದಲೇ ಆಯಿತು ಎಂದವರು, ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ತಿರುಗಿಬಿದ್ದದ್ದನ್ನೂ, ಮುಕ್ತದಾ ಅಲ್ ಸದರ್ ತನ್ನ ಪಡೆಗೆ ಕದನ ವಿರಾಮ ಹೇಳಿದ್ದನ್ನೂ ಬದಿಗಿಟ್ಟರು. 2014ರಲ್ಲಿ ಮೊಸುಲ್ ನಗರ ಐಎಸ್ ಉಗ್ರರ ವಶವಾದಾಗ ಅದೇ ಆಟ ಮತ್ತೆ ಶುರುವಾಯಿತು. ಒಬಾಮ ಸೈನ್ಯ ವಾಪಸ್ ಕರೆಸಿದ್ದೇ ತಪ್ಪು ಎಂದರು ರಿಪಬ್ಲಿಕನ್ನರು. 2011ರ ಕೊನೆಗೆ ಹೊರಡುವ ಒಪ್ಪಂದ ಮಾಡಿಕೊಂಡವರೇ ಬುಷ್ ಎಂದರು ಡೆಮಾಕ್ರಟರು. ಎರಡೂ ನಡೆದ ಘಟನೆಗಳೇ. ಎರಡರಿಂದಲೂ ಮೊಸುಲ್‌ನ ಜನಕ್ಕೆ ಏನೂ ಸಿಗಲಿಲ್ಲ.

ದೂರದ ದೇಶದ ಜಗಳ ನಮಗೇಕೆ ಎನ್ನಬಹುದು. ಅದೇ 2014ರ ಜೂನ್‌ನಲ್ಲಿ ಮೊಸುಲ್‌ನಲ್ಲಿ ಅಪಹರಣಕ್ಕೊಳಗಾದ 39 ಭಾರತೀಯರು ಕಟ್ಟಡ ಕೆಲಸಕ್ಕೆಂದು ಹೋಗಿದ್ದವರು. ಪಂಜಾಬ್, ಹಿಮಾಚಲ, ಬಿಹಾರ, ಬಂಗಾಳದ ಹುಡುಗರು. ಅವರು ಕೊಲೆಯಾಗಿದ್ದಾರೆಂದು ಸರ್ಕಾರ ಸಂಸತ್ತಿಗೆ ತಿಳಿಸಿದ್ದು 2018ರ ಮಾರ್ಚ್‌ನಲ್ಲಿ. ಕೆಲಸ ಹುಡುಕುವವರಿಗೆ ‘ಪರಿಸ್ಥಿತಿ ಸುಧಾರಿಸಿದೆ’ ಎಂಬ ಮಾತು ಚುನಾವಣಾ ಭಾಷಣವಲ್ಲ, ವೀಸಾ ತೆಗೆಸುವ ನಿರ್ಧಾರ. ಉಕ್ರೇನ್, ಗಾಜಾಗಳ ಪುನರ್ನಿರ್ಮಾಣದ ಮಾತು ಈಗ ಕೇಳಿಬರುತ್ತಿದೆ. ನಾಳೆ ಅಲ್ಲಿಗೆ ಎಂಜಿನಿಯರುಗಳು ಬೇಕಾದಾಗ ಜಾಹೀರಾತು ನಮ್ಮ ಮೊಬೈಲಿಗೂ ಬರಬಹುದು.

ಇರಾಕಿನ ನಮ್ಮ ವಯಸ್ಸಿನವರು ತಮ್ಮ ಮೌಲ್ಯಮಾಪನವನ್ನು ತಾವೇ ಮಾಡಿದರು. 2019ರ ಸೆಪ್ಟೆಂಬರ್‌ನಲ್ಲಿ ಬಾಗ್ದಾದಿನಲ್ಲಿ ಉದ್ಯೋಗ ಕೇಳಿ ಕೂತಿದ್ದ ಉನ್ನತ ಪದವೀಧರರ ಮೇಲೆ ಪೊಲೀಸರು ಜಲಫಿರಂಗಿ ಹಾರಿಸಿದರು. ಅಕ್ಟೋಬರ್‌ನಲ್ಲಿ ಸಾವಿರಾರು ಯುವಕ ಯುವತಿಯರು ಬೀದಿಗಿಳಿದರು. ಕೆಲಸ, ಕರೆಂಟ್, ನೀರು ಕೇಳಿದರು, ‘ನಮಗೊಂದು ದೇಶ ಬೇಕು’ ಎಂದು ಕೂಗಿದರು. 500ಕ್ಕೂ ಹೆಚ್ಚು ಜನ ಸತ್ತರು. ಪ್ರಧಾನಿ ಆದಿಲ್ ಅಬ್ದುಲ್ ಮಹದಿ ರಾಜೀನಾಮೆ ಕೊಟ್ಟರು. ವಾಷಿಂಗ್ಟನ್ನಿನ ಎರಡು ಪಕ್ಷಗಳ ಯಾವ ವರದಿಗಿಂತಲೂ ನನಗೆ ಈ ಫಲಿತಾಂಶದ ಮೇಲೆ ನಂಬಿಕೆ ಹೆಚ್ಚು.

ಹಾಗಾಗಿ ಗೆಳೆಯರೇ, ಯುದ್ಧವಿರಲಿ, ನಮ್ಮೂರಿನ ಯೋಜನೆಯಿರಲಿ, ಯಾರಾದರೂ ‘ಯಶಸ್ವಿ’ ಎಂದರೆ ಚಪ್ಪಾಳೆ ತಟ್ಟುವ ಮೊದಲು, ‘ವಿಫಲ’ ಎಂದರೆ ಕೂಗಾಡುವ ಮೊದಲು ಮೂರು ಪ್ರಶ್ನೆ ಕೇಳೋಣ. ಕೆಲಸ ಶುರುವಾಗುವ ಮೊದಲು ಇಟ್ಟುಕೊಂಡ ಗುರಿ ಏನು? ಅದನ್ನು ಎಲ್ಲಿ ನಿಂತು ಅಳೆದಿರಿ? ಅಲ್ಲಿ ವಾಸಿಸುವವರು ಏನು ಹೇಳುತ್ತಾರೆ? ನಮ್ಮ ಮೆಚ್ಚಿನ ಪಕ್ಷದವರನ್ನೂ ಇದೇ ಮೂರು ಪ್ರಶ್ನೆ ಕೇಳುವ ಧೈರ್ಯ ನಮಗಿರಬೇಕು.