ಆಂಟಿವೈರಸ್‌ಗೆ ದುಡ್ಡು ಕೊಡುವ ಮುಂಚೆ...

ಕಳೆದ ಮಳೆಗಾಲದ ಮಾತು. ಸಕಲೇಶಪುರದ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗೋದಿಲ್ಲ. ತೋಟದಿಂದ ಕಳಲೆ ಬಂದಿತ್ತು. ಯಾವಾಗಲೂ ಅದೇ ಪಲ್ಯ ಯಾಕೆ, ಬೇರೇನಾದರೂ ಮಾಡೋಣ ಅಂತ ಮಗಳ ಕಂಪ್ಯೂಟರ್ ಮುಂದೆ ಕೂತೆ. ಯಾವುದೋ ಅಡುಗೆಯ ಪುಟ ತೆರೆದದ್ದೇ ತಡ, ಪರದೆಯೆಲ್ಲ ಕೆಂಪು, ಜೊತೆಗೆ ಸೈರನ್! 'ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್ ಇವೆ. ಬಂದ್ ಮಾಡಬೇಡಿ. ಕೂಡಲೇ ಈ ನಂಬರಿಗೆ ಫೋನ್ ಮಾಡಿ.'

ಮಾಡಿದೆ ಕಣ್ರೀ. ಓದಿದವಳು, ಬುದ್ಧಿ ಇದ್ದವಳು ಅಂತ ನನ್ನನ್ನು ನಾನೇ ಅಂದುಕೊಂಡಿದ್ದೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ. 'ಒಂದು ಪ್ರೋಗ್ರಾಂ ಹಾಕಿಕೊಳ್ಳಿ ಮೇಡಂ, ನಿಮ್ಮ ಪರದೆ ನನಗೆ ಕಾಣಬೇಕು' ಅಂದ. ಹಾಕಿಕೊಂಡೆ. ನನ್ನ ಮೌಸ್ ತಾನಾಗಿಯೇ ಓಡಾಡತೊಡಗಿತು. 'ಮೂರು ವರ್ಷದ ಆಂಟಿವೈರಸ್ ಹಾಕಿಕೊಡ್ತೀನಿ, ನಿಮ್ಮ ಬ್ಯಾಂಕಿನ ಪುಟ ತೆಗೀರಿ' ಅಂದ. ತೆಗೆಯಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು! ಯುಪಿಎಸ್ ಬ್ಯಾಟರಿ ಕೆಟ್ಟು ಆರು ತಿಂಗಳಾಗಿತ್ತು. ಇಷ್ಟು ವರ್ಷದಲ್ಲಿ ನಾನು ಬೈಯದೇ ಇದ್ದ ಕರೆಂಟ್ ಕಟ್ ಅದೊಂದೇ.

ಗೌರಿ ಹಬ್ಬಕ್ಕೆ ಬಂದ ಅಕ್ಕನ ಮಗ ಕಂಪ್ಯೂಟರ್ ನೋಡಿ ನಕ್ಕ. 'ಚಿಕ್ಕಮ್ಮ, ಅದು ವೈರಸ್ಸೇ ಅಲ್ಲ, ಬರೀ ಒಂದು ಚಿತ್ರ. ಎಸ್ಕೇಪ್ ಕೀಲಿ ಒತ್ತಿ ಹಿಡಿದಿದ್ದರೆ, ಅದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿದ್ದರೆ ಮುಗಿದೇಹೋಗ್ತಿತ್ತು' ಅಂದ. ಆಮೇಲೆ ಅವನು ಕಂಡುಹಿಡಿದದ್ದು: ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಎರಡು ಆಂಟಿವೈರಸ್ ಇದ್ದವು. ಒಂದು ಲ್ಯಾಪ್‌ಟಾಪ್ ಜೊತೆಗೇ ಬಂದದ್ದು, ಅವಧಿ ಮುಗಿದು ದಿನಾ ದುಡ್ಡು ಕೇಳುತ್ತಿತ್ತು. ಇನ್ನೊಂದು ನಾನೇ ಯಾವಾಗಲೋ ಕೊಂಡದ್ದು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರು ನಿಂತ ಹಾಗೆ ಒಂದಕ್ಕೊಂದು ಅಡ್ಡ ಬಂದು ಯಂತ್ರ ಕುಂಟುತ್ತಿತ್ತು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮಲ್ಲಿ ಹೆಚ್ಚಿನವರು ಯಾವುದನ್ನೂ ಕೊಳ್ಳಬೇಕಾಗಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ವಿಂಡೋಸ್ ಜೊತೆಯಲ್ಲೇ ಡಿಫೆಂಡರ್ ಎಂಬ ಆಂಟಿವೈರಸ್ ಪುಕ್ಕಟೆಯಾಗಿ ಬರುತ್ತಿದೆ. ಮೊದಮೊದಲು ಅದಕ್ಕೆ ಪರೀಕ್ಷೆಯಲ್ಲಿ ಅಂಕ ಬರುತ್ತಿರಲಿಲ್ಲ ನಿಜ. ಈಗ ಹಾಗಲ್ಲ. ಆಂಟಿವೈರಸ್‌ಗಳನ್ನೇ ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯಲ್ಲಿ ಅದು ದುಡ್ಡು ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲುತ್ತದೆ. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಅಂತ ಟೈಪ್ ಮಾಡಿ. ಹಸಿರು ಗುರುತು ಕಂಡರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಅವಧಿ ಮುಗಿದ ಹಳೆಯದನ್ನು ತೆಗೆದುಹಾಕಿದರೆ ಡಿಫೆಂಡರ್ ತಾನಾಗಿಯೇ ಕೆಲಸಕ್ಕೆ ನಿಲ್ಲುತ್ತದೆ.

ದುಡ್ಡು ಕೊಡುವುದೇ ದಂಡ ಅಂತ ನಾನು ಹೇಳುತ್ತಿಲ್ಲ. ಇಂಟರ್‌ನೆಟ್ ಸಂಪರ್ಕ ಇಲ್ಲದಾಗ ಡಿಫೆಂಡರ್‌ನ ಚುರುಕು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ನೆಟ್ ಇಲ್ಲದ ತೋಟದ ಮನೆ, ರೈಟರು, ಮಕ್ಕಳು, ಜೆರಾಕ್ಸ್ ಅಂಗಡಿ ಅಂತ ಊರೆಲ್ಲ ಸುತ್ತಿ ಬರುವ ಪೆನ್‌ಡ್ರೈವ್... ಅಂಥ ಕಡೆ ಒಂದು ಒಳ್ಳೆಯದನ್ನು ಕೊಳ್ಳುವುದು ನ್ಯಾಯವೇ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ ಇವೆ, ಹೊರಗಿನವೂ ಬೇಕಾದಷ್ಟಿವೆ. ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ. ಎರಡನೇ ವರ್ಷಕ್ಕೆ ಎಷ್ಟು, ತಾನಾಗಿ ಖಾತೆಯಿಂದ ದುಡ್ಡು ಕತ್ತರಿಸಿಕೊಳ್ಳುತ್ತದೆಯೋ ಅಂತ ಕೇಳಿ. ಸೀರೆ ಕೊಳ್ಳುವಾಗ ಸೆರಗು, ಅಂಚು, ಬಣ್ಣ ಅಂತ ಗಂಟೆಗಟ್ಟಲೆ ನೋಡುವ ನಾವು ಇದಕ್ಕೆ ಐದು ನಿಮಿಷ ಕೊಡಬಾರದೇ?

ಆದರೆ ನನ್ನ ತಕರಾರು ಇರುವುದು ಬೇರೆ ಕಡೆ. ನಮ್ಮ ಸಕಲೇಶಪುರ, ಆಲೂರು ಕಡೆ ಆನೆ ಕಾಟ ಹೇಳುವ ಹಾಗಿಲ್ಲ. ಕಂದಕ ತೋಡಿಸಿದರು, ಸೋಲಾರ್ ಬೇಲಿ ಹಾಕಿಸಿದರು. ಬೇಲಿ ಎಷ್ಟೇ ಗಟ್ಟಿ ಇರಲಿ, ರಾತ್ರಿ ಗೇಟು ತೆಗೆದಿಟ್ಟು ಮಲಗಿದರೆ ಬೆಳಗ್ಗೆ ಬಾಳೆ ಇರುತ್ತದೆಯೇ? ಆಲೂರಿನ ನಮ್ಮ ಅತ್ತಿಗೆ ಮನೆಯಲ್ಲಿ ಆದದ್ದು ಇದೇ. ಅವರ ಮಗ ದುಡ್ಡು ಕೊಡದೆ ಒಂದು ದುಬಾರಿ ಸಾಫ್ಟ್‌ವೇರ್ ಬೇಕು ಅಂತ ಎಲ್ಲಿಂದಲೋ ಕ್ರ್ಯಾಕ್ ಇಳಿಸಿಕೊಂಡ. 'ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿ' ಅಂತ ಅದರಲ್ಲೇ ಬರೆದಿತ್ತಂತೆ. ಮಾಡಿದ. ದುಡ್ಡು ಕೊಟ್ಟು ಕೊಂಡ ಆಂಟಿವೈರಸ್ ಅದು! ಮಾರನೇ ದಿನ ಯಾವ ಫೈಲೂ ತೆರೆಯಲಿಲ್ಲ. ಪ್ರತಿಯೊಂದರ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು, ಡಾಲರಿನಲ್ಲಿ ದುಡ್ಡು ಕೇಳುವ ಒಂದು ಪತ್ರ. ತೋಟದ ಲೆಕ್ಕ ಹೋಯಿತು, ಅದನ್ನಾದರೂ ಪುಸ್ತಕ ನೋಡಿ ಬರೆಯಬಹುದು. ತೀರಿಕೊಂಡ ಮಾವನವರ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಅತ್ತಿಗೆ ಮಗನಿಗೆ ಬೈಯಲಿಲ್ಲ, ಎರಡು ದಿನ ಮಾತೇ ಆಡಲಿಲ್ಲ.

ಅದಕ್ಕೇ ನಾನು ಹೇಳೋದು, ಆಂಟಿವೈರಸ್‌ಗೆ ಇಟ್ಟ ದುಡ್ಡಿನಲ್ಲಿ ಮೊದಲು ಒಂದು ಹೊರಗಿನ ಹಾರ್ಡ್ ಡಿಸ್ಕ್ ತನ್ನಿ. ತಿಂಗಳಿಗೊಮ್ಮೆ, ಸಂಬಳದ ದಿನವೋ ಹುಣ್ಣಿಮೆಯೋ, ಫೋಟೋ, ದಾಖಲೆ ಎಲ್ಲ ಅದಕ್ಕೆ ತುಂಬಿ ಕಳಚಿ ಬೀರುವಿನಲ್ಲಿಡಿ. ಕಳಚಬೇಕು, ಮರೆಯಬೇಡಿ. ಸಿಕ್ಕಿಸಿಯೇ ಬಿಟ್ಟರೆ ಕಂಪ್ಯೂಟರ್‌ಗೆ ಬಂದ ಕೇಡು ಅದಕ್ಕೂ ತಗಲುತ್ತದೆ.

ಎರಡನೆಯದು ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತನ್ನೇ ನಡುಗಿಸಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. 'ಆಮೇಲೆ ನೋಡೋಣ' ಅಂದವರೇ ಸಿಕ್ಕಿಬಿದ್ದದ್ದು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಿಮ್ಮದು ಇನ್ನೂ ಅದೇ ಆಗಿದ್ದರೆ ವಿಂಡೋಸ್ 11ಕ್ಕೆ ಹೋಗಲು ಆಗುತ್ತದೆಯೇ ಅಂತ ತಿಳಿದವರಿಗೆ ತೋರಿಸಿ. ಅಂಗಡಿಯವರು 'ಒರಿಜಿನಲ್ ಯಾಕೆ ಮೇಡಂ, ನಾನೇ ಹಾಕಿಕೊಡ್ತೀನಿ' ಅಂದರೆ ಬೇಡ ಅನ್ನಿ. ಆ ಉಳಿತಾಯ ನಮಗೆ ಬೇಡ.

ಇನ್ನು ಮೊಬೈಲು. 'ಮದುವೆ ಆಮಂತ್ರಣ', 'ನಿಮ್ಮ ಗಾಡಿಯ ದಂಡ' ಅಂತ ವಾಟ್ಸ್ಆ್ಯಪ್‌ನಲ್ಲಿ ಫೈಲ್ ಬರುತ್ತದೆ. ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಅದು ಆಮಂತ್ರಣವಲ್ಲ, ನಿಮ್ಮ ಫೋನಿಗೆ ಹೊಕ್ಕು ಒಟಿಪಿ ಓದುವ ಆ್ಯಪ್. ಗುರುತಿನವರ ನಂಬರಿನಿಂದಲೇ ಬಂದಿರಬಹುದು, ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿರುತ್ತದೆ. ನಿಜವಾದ ಮದುವೆಯಾದರೆ ಅವರೇ ಫೋನ್ ಮಾಡುತ್ತಾರೆ ಬಿಡಿ.

ಅಪ್ಪಿತಪ್ಪಿ ದುಡ್ಡು ಹೋದರೆ ಮನೆಯವರು ಬೈತಾರೆ ಅಂತ ಮುಚ್ಚಿಟ್ಟುಕೊಳ್ಳಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ನಮ್ಮ ಮನೆ ಫ್ರಿಜ್ ಮೇಲೆ ಗ್ಯಾಸ್ ಬುಕಿಂಗ್ ನಂಬರಿನ ಪಕ್ಕ ಈಗ ಅದೂ ಇದೆ.

ಅಂದಹಾಗೆ, ಅತ್ತಿಗೆ ಮನೆಗೂ ಹಾರ್ಡ್ ಡಿಸ್ಕ್ ಬಂದಿದೆ. ಮಗ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ತಾತನ ಫೋಟೋ ಇದ್ದರೆ ಕಳಿಸಿ ಅಂತ ಕೇಳುತ್ತಿದ್ದಾನೆ. ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ.