ಹನಿ ಹನಿ ಕೂಡಿ ಯಾರ ಹಳ್ಳ?

"ನಿಫ್ಟಿ ಫ್ಯೂಚರ್ಸ್‌ನಲ್ಲಿ ದಿನಕ್ಕೆ ಐದೇ ಟ್ರೇಡ್. ಒಂದೊಂದರಲ್ಲಿ ಹತ್ತೇ ಪಾಯಿಂಟ್. ಹನಿ ಹನಿ ಕೂಡಿದ್ರೆ ಹಳ್ಳ ಗುರು!" ಬೆಂಗಳೂರಿನ ಯಾವ ಟೆಕ್ ಪಾರ್ಕಿನ ಕೆಫೆಟೇರಿಯಾದಲ್ಲಿ ಕೂತರೂ ಈ ಮಾತು ಕಿವಿಗೆ ಬೀಳತ್ತೆ. ಇದಕ್ಕೆ ಸ್ಕ್ಯಾಲ್ಪಿಂಗ್ ಅಂತ ಹೆಸರು. ಕೊಂಡ ಒಂದೆರಡು ನಿಮಿಷದಲ್ಲೇ ಸಿಕ್ಕಷ್ಟು ತಗೊಂಡು ಹೊರಗೆ ಬಂದುಬಿಡೋದು.

ಇದರಲ್ಲಿ ದುಡ್ಡು ಆಗತ್ತಾ ಅಂತ ಕೇಳಿ ನೋಡಿ. "ಡಿಸಿಪ್ಲಿನ್ ಇದ್ರೆ ಖಂಡಿತ ಆಗತ್ತೆ" ಅಂತಾರೆ. ನನ್ನ ತಕರಾರು ಇರೋದು ಈ ಪದದ ಮೇಲೇ. ಕಳ್ಕೊಂಡವನ ಮನಸ್ಸನ್ನ ದೂರಿ, ಲೆಕ್ಕವನ್ನ ಮುಚ್ಚಿಡೋ ಪದ ಅದು. ಹಾಗಾಗಿ ಮನಸ್ಸು ಆಮೇಲೆ ಇರ್ಲಿ, ಮೊದಲು ಲೆಕ್ಕ ಹಾಕೋಣ.

2025ರಲ್ಲಿದ್ದ ದರಗಳನ್ನೇ ತಗೊಳ್ಳಿ. ನಿಫ್ಟಿ 24,000ದಲ್ಲಿದೆ, ಒಂದು ಲಾಟ್ ಅಂದ್ರೆ 75. ಅಲ್ಲಿಗೆ ನಿಮ್ಮ ಒಂದು ಲಾಟಿನ ವ್ಯವಹಾರ 18 ಲಕ್ಷ ರೂಪಾಯಿಯದ್ದು. ಮಾರುವಾಗ 0.02 ಶೇಕಡಾ ಎಸ್‌ಟಿಟಿ, ಅದು 360 ರೂಪಾಯಿ. ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ 36. ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆ ಸೇರಿ 62. ಬ್ರೋಕರೇಜ್ ಇಪ್ಪತ್ತು ಇಪ್ಪತ್ತು ನಲವತ್ತು. ಜಿಎಸ್‌ಟಿ, ಸೆಬಿ ಶುಲ್ಕ ಎಲ್ಲ ಸೇರಿ 23. ಒಟ್ಟು 521. ಸುಲಭಕ್ಕೆ 520 ಅಂದ್ಕೊಳ್ಳಿ.

ಹತ್ತು ಪಾಯಿಂಟ್ ಗೆದ್ರೆ ಬರೋದು 750 ರೂಪಾಯಿ. ಅದರಲ್ಲಿ 520 ಹೋಯ್ತು, ಕೈಗೆ ಉಳಿದಿದ್ದು 230. ಹತ್ತು ಪಾಯಿಂಟ್ ಸೋತ್ರೆ 750ರ ಜೊತೆ 520 ಸೇರಿ 1,270 ಹೋಗತ್ತೆ. ಅಂದ್ರೆ ಹತ್ತರಲ್ಲಿ ಸುಮಾರು ಏಳು ಪಾಯಿಂಟ್ ನಿಮ್ಮದಲ್ಲವೇ ಅಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ.

ದಿನಕ್ಕೆ ಐದರಂತೆ ತಿಂಗಳಿಗೆ ನೂರು ಟ್ರೇಡ್ ಮಾಡಿದ್ರಿ. ನೀವು ಜಾಣರು, ನೂರರಲ್ಲಿ ಅರವತ್ತು ಗೆದ್ರಿ. ಬೆಲೆಯ ಏರಿಳಿತದಿಂದ ಬಂದ ಲಾಭ 15,000. ಖರ್ಚು 52,000. ತಿಂಗಳ ಕೊನೆಗೆ ನಷ್ಟ 37,000! ನೂರರಲ್ಲಿ 85 ಗೆದ್ರೆ? ಲಾಭ 500 ರೂಪಾಯಿ. ಹೌದು, ತಿಂಗಳಿಡೀ ಸ್ಕ್ರೀನ್ ಮುಂದೆ ಕಣ್ಣು ಕೆಂಪಗೆ ಮಾಡ್ಕೊಂಡು, ನೂರಕ್ಕೆ 85 ಸಲ ಸರಿಯಾಗಿ ಊಹಿಸಿದವನ ಸಂಪಾದನೆ ಐನೂರು ರೂಪಾಯಿ. ಈಗ ಹೇಳಿ, ಇಲ್ಲಿ ಕಮ್ಮಿ ಆಗಿದ್ದು ಡಿಸಿಪ್ಲಿನ್ನಾ? ಡಿಸಿಪ್ಲಿನ್ ಇದ್ದವನು ತಪ್ಪದೇ ದಿನಕ್ಕೆ ಐದು ಸಲ ಕಟ್ತಾನೆ, ಅಷ್ಟೇ.

"ನನ್ನ ಬ್ರೋಕರ್ ಬಹಳ ಚೀಪು" ಅನ್ನೋರಿದ್ದಾರೆ. 520ರಲ್ಲಿ ಬ್ರೋಕರೇಜು, ಅದರ ಮೇಲಿನ ಜಿಎಸ್‌ಟಿ ಸೇರಿ ಐವತ್ತೂ ಇಲ್ಲ. ಅದನ್ನ ಪೂರ್ತಿ ಬಿಟ್ಟರೂ ಕತೆ ಬದಲಾಗಲ್ಲ.

"ಟಾರ್ಗೆಟ್ಟು ನೂರು ಪಾಯಿಂಟ್ ಇಟ್ಕೋತೀನಿ" ಅಂದ್ರೆ, ಒಪ್ಪೋಣ, ಖರ್ಚಿನ ಭಾರ ಆಗ ಕಮ್ಮಿಯಾಗತ್ತೆ. ಆದ್ರೆ ಅದು ಸ್ಕ್ಯಾಲ್ಪಿಂಗ್ ಅಲ್ಲ. ಎರಡು ನಿಮಿಷದಲ್ಲಿ ನಿಫ್ಟಿ ನೂರು ಪಾಯಿಂಟ್ ಓಡೋದು ದಿನಾ ನಡೆಯೋ ಸಂಗತಿಯೂ ಅಲ್ಲ.

ಇನ್ನು ನಮ್ಮವರು, ಕೋಡ್ ಬರೆಯೋರು. "ಪೈಥಾನ್‌ನಲ್ಲಿ ಒಂದು ಬಾಟ್ ಬರೆದುಬಿಟ್ರೆ ಮುಗೀತು" ಅನ್ನೋ ಧೈರ್ಯ. ಲೇಟೆನ್ಸಿ ಅಂದ್ರೆ ಏನು ಅಂತ ಆಫೀಸಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡೋ ನಾವೇ ಇಲ್ಲಿ ಅದನ್ನ ಮರೀತೀವಿ. ಬೆಂಗಳೂರಿಂದ ಮುಂಬೈಗೆ ಫೈಬರ್‌ನಲ್ಲಿ ಬೆಳಕು ಹೋಗೋದಕ್ಕೇ ನಾಲ್ಕೈದು ಮಿಲಿಸೆಕೆಂಡ್ ಬೇಕು. ಆಮೇಲೆ ನಿಮ್ಮ ವೈಫೈ, ಬ್ರೋಕರ್‌ನ ಸರ್ವರು, ಅವರ ರಿಸ್ಕ್ ಚೆಕ್ಕು. ಆ ಕಡೆಯವರ ಸರ್ವರ್ ಎಕ್ಸ್‌ಚೇಂಜಿನ ಆವರಣದಲ್ಲೇ ಬಾಡಿಗೆಗೆ ಕೂತಿದೆ. ಅವರು ಲೆಕ್ಕ ಇಡೋದು ಮೈಕ್ರೋಸೆಕೆಂಡುಗಳಲ್ಲಿ.

ವೇಗಕ್ಕಿಂತ ದೊಡ್ಡ ತೊಂದರೆ ಸರದಿ ಸಾಲಿನದ್ದು. ಒಂದೇ ಬೆಲೆಗೆ ಬಂದ ಆರ್ಡರ್‌ಗಳಲ್ಲಿ ಮೊದಲು ಬಂದವರಿಗೆ ಮೊದಲು ಸಿಗತ್ತೆ. ನೀವು 24,000ಕ್ಕೆ ಕೊಳ್ಳೋಕೆ ಲಿಮಿಟ್ ಆರ್ಡರ್ ಹಾಕಿ ಸಾಲಿನ ಕೊನೇಲಿ ನಿಂತಿದ್ದೀರಿ. ಬೆಲೆ ಅಲ್ಲಿಗೆ ತಾಗಿ ಮೇಲಕ್ಕೆ ಹಾರಿದ್ರೆ, ಮುಂದಿದ್ದವರಿಗೆ ಸಿಕ್ತು, ನಿಮಗಿಲ್ಲ. ಆ ಬೆಲೆಯನ್ನ ದಾಟಿ ಕೆಳಕ್ಕೆ ಕುಸಿಯೋವಾಗ? ನಿಮಗೆ ಖಂಡಿತ ಸಿಗತ್ತೆ! ಲಾಭದ ಟ್ರೇಡು ತಪ್ಪಿಹೋಗತ್ತೆ, ನಷ್ಟದ್ದು ತಪ್ಪದೆ ಬಂದು ಮಡಿಲಿಗೆ ಬೀಳತ್ತೆ. ಹಳೇ ಡೇಟಾದ ಮೇಲೆ ಓಡಿಸಿದ ಬ್ಯಾಕ್‌ಟೆಸ್ಟ್‌ನಲ್ಲಿ ಇದು ಕಾಣಲ್ಲ. ಅಲ್ಲಿ ಬೆಲೆ ತಾಗಿದ್ರೆ ಸಾಕು, ಸಿಕ್ತು ಅಂತಲೇ ಲೆಕ್ಕ.

ಹಾಗಾದ್ರೆ ಯಾರಿಗೂ ಲಾಭ ಆಗಲ್ವಾ? ಆಗತ್ತೆ. ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿದೆ. ಫ್ಯೂಚರ್ಸ್, ಆಪ್ಷನ್ಸ್ ಎರಡೂ ಸೇರಿದ ಲೆಕ್ಕ ಅದು. ಮೂರು ವರ್ಷದಲ್ಲಿ ನೂರಕ್ಕೆ 93 ಜನ ವೈಯಕ್ತಿಕ ಟ್ರೇಡರ್‌ಗಳು ಕಳ್ಕೊಂಡ್ರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2023-24ರಲ್ಲಿ ಸ್ವಂತ ದುಡ್ಡಲ್ಲಿ ಆಡೋ ಸಂಸ್ಥೆಗಳು, ಖರ್ಚು ಕಳೆಯೋ ಮೊದಲು, ಗಳಿಸಿದ್ದು 33,000 ಕೋಟಿ. ವಿದೇಶಿ ಹೂಡಿಕೆದಾರರು 28,000 ಕೋಟಿ. ಅದರಲ್ಲಿ ಬಹುತೇಕ ಎಲ್ಲವೂ ಅಲ್ಗಾರಿದಮ್ ಮೂಲಕ ಬಂದಿದ್ದು. ಎಸ್‌ಟಿಟಿ ಅವರಿಗೂ ಇದೆ. ಆದ್ರೆ ಅವರು ನಿಮ್ಮ ಹಾಗೆ ಮೇಲೋ ಕೆಳಗೋ ಅಂತ ಊಹೆ ಮಾಡ್ತಾ ಕೂತಿಲ್ಲ. ಷೇರು, ಫ್ಯೂಚರ್ಸ್, ಆಪ್ಷನ್ಸ್ ನಡುವಿನ ಬೆಲೆಯ ಸಂದಿಯಲ್ಲಿ ದುಡೀತಾರೆ.

ಬರೀ ಇಂಡೆಕ್ಸ್ ಫ್ಯೂಚರ್ಸ್‌ದೇ ಉದಾಹರಣೆ ಬೇಕಾ? ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಡೇ ಟ್ರೇಡಿಂಗ್ ಶುರು ಮಾಡಿದವರನ್ನ ಮೂವರು ಸಂಶೋಧಕರು ಹಿಂಬಾಲಿಸಿ ನೋಡಿದ್ರು. 300 ದಿನಕ್ಕಿಂತ ಹೆಚ್ಚು ಪಟ್ಟು ಹಿಡಿದು ಆಡಿದವರಲ್ಲಿ ನೂರಕ್ಕೆ 97 ಮಂದಿಗೆ ನಷ್ಟ. ಅಲ್ಲಿನ ಕನಿಷ್ಠ ಕೂಲಿಗಿಂತ ಹೆಚ್ಚು ದುಡಿದವರು ಶೇಕಡಾ 1.1. ಆಡ್ತಾ ಆಡ್ತಾ ಕಲೀತಾರೆ ಅನ್ನೋದಕ್ಕೂ ಅವರಿಗೆ ಪುರಾವೆ ಸಿಗಲಿಲ್ಲ. ಮುನ್ನೂರು ದಿನ ಬಿಡದೆ ಕೂತವರಿಗೂ ಡಿಸಿಪ್ಲಿನ್ ಇರಲಿಲ್ಲ ಅಂತೀರಾ?

ಸಂಬಳದವರಿಗೆ ಇನ್ನೊಂದು ಪೆಟ್ಟಿದೆ. ಲಾಭ ಬಂದ್ರೆ ಅದು ವ್ಯಾಪಾರದ ಆದಾಯ, ನಿಮ್ಮ ಸ್ಲ್ಯಾಬ್‌ನಲ್ಲೇ ತೆರಿಗೆ. ನಷ್ಟ ಆದ್ರೆ ಸಂಬಳದಲ್ಲಿ ಅದನ್ನ ವಜಾ ಮಾಡೋಕೆ ಬರಲ್ಲ. ಎಂಟು ವರ್ಷ ಮುಂದಕ್ಕೆ ತಗೊಂಡು ಹೋಗಬಹುದು, ಅಂದ್ರೆ ಇನ್ನೂ ಎಂಟು ವರ್ಷ ಆಡೋಕೆ ಒಂದು ನೆಪ.

ಎಪಿಎಂಸಿಗೆ ಮಾಲು ಹಾಕಿದ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ರೇಟು ಏರ್ಲಿ, ಬೀಳ್ಲಿ, ದಲ್ಲಾಳಿಗೆ ಕಮಿಷನ್ನು, ಹಮಾಲಿಗೆ ಕೂಲಿ ಸಿಕ್ಕೇ ಸಿಗತ್ತೆ. ಆದ್ರೆ ಬೆಳೆದವನು ವರ್ಷಕ್ಕೆ ಒಂದೆರಡು ಸಲ ಮಂಡಿಗೆ ಹೋಗ್ತಾನೆ. ಸ್ಕ್ಯಾಲ್ಪರ್ ದಿನಕ್ಕೆ ಐದು ಸಲ ಅದೇ ಮೂಟೆಯನ್ನ ಇಳಿಸಿ, ಹತ್ತಿಸಿ, ಪ್ರತಿ ಸಲವೂ ಕಮಿಷನ್ ಕೊಟ್ಟು ಬರ್ತಾನೆ. ಈ ದಲ್ಲಾಳಿಗಳ ಸಾಲಿಗೆ ಈಗ ಕೋರ್ಸ್ ಮಾರೋರೂ ಸೇರಿದ್ದಾರೆ. ಅಂಥ ಒಬ್ಬರು ಕೋರ್ಸುಗಳ ಹೆಸರಲ್ಲಿ 17 ಕೋಟಿಗೂ ಹೆಚ್ಚು ಸಂಗ್ರಹಿಸಿದ್ರು, ಸ್ವಂತ ಟ್ರೇಡಿಂಗ್‌ನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಕಳ್ಕೊಂಡಿದ್ರು ಅಂತ ಸೆಬಿಯ 2023ರ ಮಧ್ಯಂತರ ಆದೇಶವೇ ಹೇಳತ್ತೆ. ಗುರುವಿಗೇ ಒಲಿಯದ ವಿದ್ಯೆಗೆ ಶಿಷ್ಯ ಫೀಸು ಕಟ್ಟಬೇಕು!

ಹಾಗಾಗಿ ಸ್ಕ್ಯಾಲ್ಪಿಂಗ್ ಮಾಡ್ತಿರೋ ಗೆಳೆಯರೇ, ನನ್ನ ಮಾತನ್ನ ನಂಬಬೇಡಿ. ನಿಮ್ಮ ಬ್ರೋಕರ್ ದಿನಾ ಕಳಿಸೋ, ನೀವು ಯಾವತ್ತೂ ತೆರೆಯದ ಕಾಂಟ್ರ್ಯಾಕ್ಟ್ ನೋಟ್‌ಗಳಿದಾವಲ್ಲ, ಕಳೆದ ಮೂರು ತಿಂಗಳದ್ದನ್ನ ತೆಗೆದು ಎಕ್ಸೆಲ್‌ಗೆ ಹಾಕಿ. ಎಷ್ಟು ಗೆದ್ರಿ, ಎಷ್ಟು ಸೋತ್ರಿ ಅನ್ನೋ ಕಾಲಮ್ ಬಿಡಿ. ಶುಲ್ಕದ ಕಾಲಮ್ ಒಂದನ್ನೇ ಕೂಡಿ. ಹನಿ ಹನಿ ಕೂಡಿ ಆಗಿರೋ ಹಳ್ಳ ಅಲ್ಲಿದೆ. ಅದರ ನೀರು ಮಾತ್ರ ನಿಮ್ಮ ಹೊಲಕ್ಕೆ ಹರೀತಿಲ್ಲ.