ಅಜ್ಜನ ಊರಿನ ಲೆಕ್ಕ

ಮನಿಲಾ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತು ತಿರುಗುವ ಪಟ್ಟಿಯನ್ನು ಐದು ನಿಮಿಷ ನೋಡಿದರೆ ಸಾಕು, ಫಿಲಿಪೀನ್ಸ್ ದೇಶದ ಅರ್ಧ ಕಥೆ ತಿಳಿಯುತ್ತದೆ. ಸೂಟ್‌ಕೇಸುಗಳ ನಡುವೆ ಒಂದರ ಹಿಂದೊಂದು ರಟ್ಟಿನ ಪೆಟ್ಟಿಗೆಗಳು ಬರುತ್ತವೆ. ಟೇಪು ಸುತ್ತಿ, ಹಗ್ಗ ಬಿಗಿದು, ದಪ್ಪ ಅಕ್ಷರದಲ್ಲಿ ಹೆಸರು, ಊರು ಬರೆದ ಪೆಟ್ಟಿಗೆಗಳು. ಒಳಗೆ ಸಾಬೂನು, ಚಾಕೊಲೇಟು, ಕಾಫಿಪುಡಿ, ಟವೆಲು, ಮಕ್ಕಳ ಬೂಟು. ಇವಕ್ಕೆ ‘ಬಾಲಿಕ್‌ಬಯಾನ್ ಪೆಟ್ಟಿಗೆ’ ಎಂದೇ ಹೆಸರು. ಬಾಲಿಕ್ ಎಂದರೆ ಮರಳುವುದು; ಬಯಾನ್ ಎಂದರೆ ಊರು, ನಾಡು. ಹೊರದೇಶಗಳಲ್ಲಿ ನೆಲೆಸಿದ ತನ್ನ ಜನ ರಜೆಗಾದರೂ ಊರ ಕಡೆ ಮುಖ ಮಾಡಲಿ ಎಂದು 1973ರಲ್ಲಿ ಮಾರ್ಕೋಸ್ ಸರ್ಕಾರ ಒಂದು ಯೋಜನೆ ಹೂಡಿ, ಈ ಮಾತನ್ನು ಮನೆಮಾತಾಗಿಸಿತು. 1989ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಒಮ್ಮೆ ಫಿಲಿಪೀನ್ಸಿನ ಪ್ರಜೆಯಾಗಿದ್ದು ಈಗ ಬೇರೆ ದೇಶದ ಪ್ರಜೆಯಾದವರು ವೀಸಾ ಇಲ್ಲದೆ ಬಂದು ಒಂದು ವರ್ಷ ಇರಬಹುದು.

ಹಾಗೆ ಬಂದಿಳಿಯುವ ಒಂದು ಜೋಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಬೇಡ, ಅಂಥ ಜೋಡಿಗಳು ಸಾವಿರಗಟ್ಟಲೆ ಇವೆ. ಗಂಡ ಹೆಂಡತಿ ಇಬ್ಬರೂ ಹವಾಯಿ ದ್ವೀಪಗಳಲ್ಲಿ ಹುಟ್ಟಿ ಬೆಳೆದು, ನೌಕರಿ ಮುಗಿಸಿದವರು. ಅವರು ಪೆಟ್ಟಿಗೆ ತಂದಿದ್ದಾರೆ, ಆದರೆ ಒಂದು ವರ್ಷದ ಸವಲತ್ತು ಅವರಿಗಿಲ್ಲ. ಇವರು ಫಿಲಿಪೀನ್ಸಿನ ಪ್ರಜೆಗಳಾಗಿ ಹುಟ್ಟಿದವರೇ ಅಲ್ಲವಲ್ಲ. ಅಮೆರಿಕದ ಪಾಸ್‌ಪೋರ್ಟಿನ ಮೇಲೆ ಮೂವತ್ತು ದಿನದ ಮುದ್ರೆ ಬೀಳುತ್ತದೆ. ಅಜ್ಜನ ಊರಿಗೆ ಹೊರಟವರು ಕಾನೂನಿನ ದೃಷ್ಟಿಯಲ್ಲಿ ಬರೀ ಪ್ರವಾಸಿಗಳು.

ಗಂಡನ ಅಜ್ಜ ಇಲೋಕೋಸ್ ಸೀಮೆಯವನು. ಲೂಜಾನ್ ದ್ವೀಪದ ವಾಯವ್ಯ ಅಂಚಿನಲ್ಲಿ, ಒಂದು ಕಡೆ ಬೆಟ್ಟಸಾಲು, ಇನ್ನೊಂದು ಕಡೆ ಸಮುದ್ರ, ನಡುವೆ ಒಂದು ಇಕ್ಕಟ್ಟಿನ ಪಟ್ಟಿ. ಜನ ಹೆಚ್ಚು, ನೆಲ ಕಡಿಮೆ. ತಲೆಮಾರಿಗೊಮ್ಮೆ ಪಾಲಾಗಿ ಗದ್ದೆಗಳು ಚೂರುಚೂರಾಗಿದ್ದವು. 1906ರ ಡಿಸೆಂಬರ್ 20ರಂದು ‘ಡೋರಿಕ್’ ಎಂಬ ಹಡಗಿನಲ್ಲಿ ಅಲ್ಲಿಯ ಹದಿನೈದು ಮಂದಿ ಹೊನೊಲುಲುವಿನಲ್ಲಿ ಇಳಿದರು. ಹವಾಯಿಯ ಕಬ್ಬಿನ ತೋಟದ ಮಾಲೀಕರ ಸಂಘ ಅವರನ್ನು ಕೂಲಿಗೆಂದು ಕರೆಸಿಕೊಂಡಿತ್ತು. ಅಲ್ಲಿಂದ 1946ರವರೆಗೆ ಹಾಗೆ ಹೋದವರು ಲಕ್ಷಕ್ಕೂ ಮೇಲೆ. ‘ಸಕಾದಾ’ ಎಂದು ಅವರನ್ನು ಕರೆಯುತ್ತಿದ್ದರು. ಫಿಲಿಪೀನ್ಸ್ ಆಗ ಅಮೆರಿಕದ ಕೈಯಲ್ಲಿದ್ದುದರಿಂದ ಹೋಗುವುದಕ್ಕೆ ತಡೆ ಇರಲಿಲ್ಲ. 1934ರಲ್ಲಿ ಬಂದ ಕಾನೂನು ವರ್ಷಕ್ಕೆ ಐವತ್ತೇ ಮಂದಿ ಎಂದು ಮಿತಿ ಹಾಕಿತು. ಕೂಲಿ ಬೇಕೆನಿಸಿದಾಗ ತೋಟದವರಿಗೆ ಮಾತ್ರ ಒಂದು ಕಿಂಡಿ ಬಿಟ್ಟಿತ್ತು. ಅಜ್ಜ ಅದಕ್ಕೂ ಮೊದಲೇ ಹೋದವನು. ಮೂರು ವರ್ಷ ದುಡಿದು ಬರುತ್ತೇನೆಂದು ತಮ್ಮನಿಗೆ ಹೇಳಿ ಹೋದವನು ಬರಲಿಲ್ಲ, ಹಣ ಬಂತು. ಆ ಹಣದಲ್ಲಿ ತಮ್ಮ ಒಂದು ಗದ್ದೆ ಕೊಂಡು ಅಣ್ಣನ ಹೆಸರಿಗೇ ಬರೆಸಿದ. ಈ ಗದ್ದೆಯ ವಿಷಯ ನೆನಪಿರಲಿ.

ಮನಿಲಾದಲ್ಲಿ ದಂಪತಿ ಎರಡು ದಿನ ಇರುತ್ತಾರೆ. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಲಗೂನಾ ಪ್ರಾಂತ್ಯದಲ್ಲಿ 1989ರಲ್ಲಿ ಸಿಕ್ಕ ಒಂದು ತಾಮ್ರಪಟವಿದೆ. ಕನ್ನಡದ ಓದುಗರಿಗೆ ಇದು ಸೋಜಿಗದ ವಸ್ತು. ಅದರ ಕಾಲ ಶಕವರ್ಷ 822, ಅಂದರೆ ಕ್ರಿ.ಶ. 900. ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ ಎಂದು ನಮ್ಮ ಶಾಸನಗಳ ರೀತಿಯಲ್ಲೇ ದಿನ ಹೇಳಿದೆ. ಭಾಷೆ ಹಳೆಯ ಮಲಯ, ನಡುನಡುವೆ ಸಂಸ್ಕೃತ. ವಿಷಯ ಇನ್ನೂ ಸ್ವಾರಸ್ಯ: ಒಬ್ಬ ಮನುಷ್ಯನ ಚಿನ್ನದ ಸಾಲ ತೀರಿತು, ಅವನ ಸಂತತಿಯವರು ಇನ್ನು ಋಣಮುಕ್ತರು ಎಂದು ಬರೆದುಕೊಟ್ಟ ಪತ್ರವದು. ಆ ನಾಡಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ, ಕಾಲ ತಿಳಿದ ಬರಹವೆಂದರೆ ಒಂದು ಸಾಲದ ಚುಕ್ತಾ ರಸೀದಿ!

ಅಲ್ಲಿಂದ ಮೊದಲು ಹೆಂಡತಿಯ ಕಡೆಯ ಬೊಹೋಲ್ ದ್ವೀಪಕ್ಕೆ ಪಯಣ. ಆಕೆಯ ಹಿರಿಯರೂ ಕಬ್ಬಿನ ತೋಟಕ್ಕೆ ಹೋದವರೇ. ಕೈಯಲ್ಲಿದ್ದ ಗುರುತು ಎಂದರೆ ಊರಿನ ಹೆಸರು ಮತ್ತು ಮನೆತನದ ಹೆಸರು. ಅಷ್ಟು ಸಾಲದೇ ಎನ್ನಬಹುದು. ಸಾಲದು. 1849ರಲ್ಲಿ ಸ್ಪೇನಿನ ಗವರ್ನರ್ ಜನರಲ್ ಕ್ಲಾವೆರಿಯಾ ಎಂಬಾತ ತೆರಿಗೆ ಲೆಕ್ಕ ಸಲೀಸಾಗಲೆಂದು, ಅಕಾರಾದಿಯಾಗಿ ಅಚ್ಚು ಹಾಕಿಸಿದ ಒಂದು ಪುಸ್ತಕದಿಂದ ಜನರಿಗೆ ಮನೆತನದ ಹೆಸರು ಹಂಚಿಸಿದ. ಸುಮಾರು ಅರವತ್ತು ಸಾವಿರ ಹೆಸರುಗಳ ಪುಸ್ತಕ. ಕೆಲವು ಕಡೆ ಒಂದೊಂದು ಊರಿಗೆ ಒಂದೊಂದು ಅಕ್ಷರವೇ ಬಂತು. ಅಲ್ಬಾಯ್ ಪ್ರಾಂತ್ಯದ ಓಆಸ್ ಎಂಬ ಊರಿನಲ್ಲಿ ಇಂದಿಗೂ ಬಹಳ ಮಂದಿಯ ಹೆಸರು ‘ಆರ್’ ಅಕ್ಷರದಿಂದಲೇ ಶುರುವಾಗುತ್ತದೆ. ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ! ಹೀಗಿರುವಾಗ ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಎನ್ನುವಂತಿಲ್ಲ. ಆಕೆಯ ಹೆಸರಿನ ಹತ್ತಾರು ಮನೆಗಳು ಊರಿನಲ್ಲಿವೆ, ಯಾರು ತನ್ನವರು? 2013ರ ಅಕ್ಟೋಬರ್ 15ರ ಭೂಕಂಪ ಬೊಹೋಲಿನ ಹಳೆಯ ಚರ್ಚುಗಳನ್ನು ಕೆಡವಿತು, ಲೊಓನ್ ಪಟ್ಟಣದ ದೊಡ್ಡ ಚರ್ಚಂತೂ ಕಲ್ಲಿನ ರಾಶಿಯಾಯಿತು. ಅಂಥ ಕಡೆ ಜ್ಞಾನಸ್ನಾನದ ಹಳೆಯ ದಫ್ತರ ಹುಡುಕುವುದು ಸುಲಭದ ಮಾತಲ್ಲ. ಮೂರನೆಯ ದಿನ ಒಬ್ಬ ಮುದುಕಿ ಆಕೆಯ ಗದ್ದ ಹಿಡಿದು ತಿರುಗಿಸಿ ನೋಡಿ, ನಮ್ಮವಳೇ ಎಂದುಬಿಟ್ಟಳು. ಪುರಾವೆ ಏನೂ ಇಲ್ಲ. ಆಕೆ ಪೆಟ್ಟಿಗೆ ಬಿಚ್ಚಿದಳು.

ಇಲೋಕೋಸಿನ ಕಥೆ ಹಾಗಲ್ಲ, ಅಲ್ಲಿ ಕಾಯುವವರು ಇದ್ದರು. ಮನಿಲಾದಿಂದ ಲವಾಗ್ ಪಟ್ಟಣಕ್ಕೆ ರಾತ್ರಿಯಿಡೀ ಬಸ್ಸು. ಬೆಳಿಗ್ಗೆ ಕರೆದೊಯ್ಯಲು ಬಂದವನು ಅಜ್ಜನ ತಮ್ಮನ ಮೊಮ್ಮಗ. ಅಜ್ಜಂದಿರು ಒಡಹುಟ್ಟಿದವರಾದರೆ ಮೊಮ್ಮಕ್ಕಳ ನಡುವಿನ ಸಂಬಂಧಕ್ಕೆ ಇಲೋಕಾನೋ ಭಾಷೆಯಲ್ಲಿ ‘ಕಪಿದುವಾ’ ಎಂಬ ಬೇರೆ ಮಾತೇ ಇದೆ. ಜೀವಶಾಸ್ತ್ರದ ಲೆಕ್ಕದಲ್ಲಿ ಇಂಥ ಇಬ್ಬರ ವಂಶವಾಹಿಗಳಲ್ಲಿ ಸರಾಸರಿ ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ ಸಮಾನ. ಆ ಒಂದು ಪಾಲಿಗಾಗಿ ಆತ ಸಾಲ ಮಾಡಿ ಹಂದಿ ಕೊಯ್ಯಿಸಿದ್ದ.

ಮನೆಯ ಹೊಸ್ತಿಲಲ್ಲಿ ಮಕ್ಕಳು ಸಾಲಾಗಿ ಬಂದು ದಂಪತಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಇದು ಅಲ್ಲಿಯ ನಮಸ್ಕಾರ, ‘ಮಾನೋ’ ಎನ್ನುತ್ತಾರೆ. ಊಟಕ್ಕೆ ಹಾಗಲಕಾಯಿ, ಬದನೆ, ಬೆಂಡೆ ಸೇರಿಸಿ, ಕೊಳೆಸಿದ ಮೀನಿನ ರಸ ಬೆರೆಸಿದ ‘ಪಿನಕ್‌ಬೆಟ್’; ಜೊತೆಗೆ ನುಗ್ಗೆಸೊಪ್ಪಿನ ಸಾರು. ನುಗ್ಗೆಗೆ ಅವರು ‘ಮರುಂಗ್ಗಾಯ್’ ಎನ್ನುತ್ತಾರೆ, ತಮಿಳರ ಮುರುಂಗೈಗೆ ಎಷ್ಟು ಹತ್ತಿರ ನೋಡಿ. ಊಟಕ್ಕೆ ಏಳಿ ಎನ್ನಲು ಇಲ್ಲಿ ‘ಮಂಗಾನ್’, ಬೊಹೋಲಿನಲ್ಲಿ ‘ಮಂಗಾಓನ್’. ಮೂಲ ಒಂದೇ ಆದರೂ ಗಂಡನ ಊರಿನ ಮಾತು ಹೆಂಡತಿಗೆ ತಿಳಿಯದು, ಹೆಂಡತಿಯ ಊರಿನದು ಗಂಡನಿಗೆ ತಿಳಿಯದು. ಗಂಡನಿಗೆ ಬರುವುದಾದರೂ ಎಷ್ಟು? ಅಜ್ಜನಿಂದ ಕಲಿತ ನೂರು ಮಾತು. ಅವನ್ನು ಕೇಳಿ ಹುಡುಗರು ನಕ್ಕರು. ನೂರು ವರ್ಷ ಹಿಂದಿನ ಇಲೋಕಾನೋ ಅದು, ಈಗ ಯಾರೂ ಆಡುವುದಿಲ್ಲ. ಮೂಲೆಯಲ್ಲಿ ಕುಳಿತಿದ್ದ ತೊಂಬತ್ತರ ಅತ್ತೆ, ಅಜ್ಜನ ತಮ್ಮನ ಮಗಳು, ಮಾತ್ರ ನಗಲಿಲ್ಲ. ನಮ್ಮಪ್ಪ ಹೀಗೆಯೇ ಮಾತಾಡುತ್ತಿದ್ದ ಎಂದಳು.

ಮಧ್ಯಾಹ್ನ ಪವಾಯ್ ಚರ್ಚಿಗೆ ಕರೆದೊಯ್ದರು. 1710ರಲ್ಲಿ ಮುಗಿದ ಕಟ್ಟಡ, 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಭೂಕಂಪದ ನಾಡಾದ್ದರಿಂದ ಗೋಡೆಗಳಿಗೆ ಎರಡೂ ಕಡೆ ಆನೆಗಾತ್ರದ ಆಧಾರಗಳನ್ನು ಕಟ್ಟಿದ್ದಾರೆ. ಗಂಟೆಯ ಗೋಪುರ ದೂರದಲ್ಲಿ ಬೇರೆಯೇ ನಿಂತಿದೆ, ಬಿದ್ದರೆ ಚರ್ಚಿನ ಮೇಲೆ ಬೀಳದಿರಲೆಂದು. ಹವಳದ ಕಲ್ಲು, ಇಟ್ಟಿಗೆ. ಗಾರೆಗೆ ಕಬ್ಬಿನ ಹಾಲು ಬೆರೆಸಿದ್ದಾರಂತೆ. ನಮ್ಮಲ್ಲೂ ಹಳೆಯ ಕಟ್ಟಡಗಳ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರಲ್ಲ, ಅದೇ ರಸಾಯನ. ಸಕ್ಕರೆಯ ನೀರಿನಲ್ಲಿ ಸುಣ್ಣ ಬರೀ ನೀರಿಗಿಂತ ಹೆಚ್ಚು ಕರಗುತ್ತದೆ, ಗಾರೆ ಒಣಗಿದಾಗ ಬಿಗಿಯಾಗುತ್ತದೆ.

ಮರುದಿನ ನವೆಂಬರ್ 1, ಸತ್ತವರ ಹಬ್ಬ. ಊರಿಗೆ ಊರೇ ಸ್ಮಶಾನದಲ್ಲಿ. ಮೇಣದಬತ್ತಿ, ಹೂವು, ಅಕ್ಕಿಯ ಸಿಹಿ ಕಡುಬು. ಸತ್ತವರಿಗೆ ಇಡುವ ಎಡೆಗೆ ಇಲೋಕಾನೋದಲ್ಲಿ ‘ಅತಾಂಗ್’ ಎನ್ನುತ್ತಾರೆ. ಅಜ್ಜನ ಗೋರಿ ಹವಾಯಿಯಲ್ಲಿದೆ. ಆದರೂ ತಮ್ಮನ ಗೋರಿಯ ಪಕ್ಕ ಒಂದು ತಟ್ಟೆ ಹೆಚ್ಚಾಗಿ ಇಟ್ಟಿದ್ದರು. ಪ್ರತಿ ವರ್ಷವೂ ಇಡುತ್ತಾರಂತೆ. ಗಂಡ ಬಹಳ ಹೊತ್ತು ಆ ತಟ್ಟೆಯನ್ನೇ ನೋಡುತ್ತ ನಿಂತ.

ಗದ್ದೆಯ ಮಾತು ಬಂದದ್ದು ಆ ರಾತ್ರಿ. ಇವನು ಪಾಲು ಕೇಳಲು ಬಂದಿದ್ದಾನೆಯೇ ಎಂಬ ಅಂಜಿಕೆ ಮನೆಯವರಿಗೆಲ್ಲ ಇತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೆ. ಅಂಜಿಕೆ ಸುಳ್ಳೂ ಅಲ್ಲ. ಅಲ್ಲಿಯ 1987ರ ಸಂವಿಧಾನದ ಪ್ರಕಾರ ಪರದೇಶದವರು ನೆಲ ಕೊಳ್ಳುವಂತಿಲ್ಲ, ಆದರೆ ವಾರಸುದಾರಿಕೆಯಿಂದ ಬಂದದ್ದನ್ನು ಪಡೆಯಬಹುದು. ಪತ್ರ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅದು ಬದಲಾಗದೆ ಬ್ಯಾಂಕಿನ ಸಾಲವಿಲ್ಲ. ಕೋರ್ಟಿಗೆ ಹೋಗದೆ ಬದಲಿಸಬೇಕಾದರೆ ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಿ, ವಾರಕ್ಕೊಮ್ಮೆಯಂತೆ ಮೂರು ವಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು. ತೊಂಬತ್ತು ವರ್ಷಗಳಿಂದ ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಬೆಳ್ಳುಳ್ಳಿ ಬೆಳೆದವರು ಇವರು. ತೆರಿಗೆ ಕಟ್ಟಿದವರು ಇವರು. ಕೊಂಡ ದುಡ್ಡು ಮಾತ್ರ ಕಬ್ಬು ಕಡಿದು ಬೆನ್ನು ಬಗ್ಗಿದವನದು.

ಮನದೊಳಗಿನ ಸಾಲಕ್ಕೆ ತಗಾಲೊಗ್ ಭಾಷೆಯಲ್ಲಿ ‘ಉತಾಂಗ್ ನಾ ಲೋಓಬ್’ ಎನ್ನುತ್ತಾರೆ. ನಮ್ಮ ‘ಋಣ’ವೇ. ಯಾರ ಋಣ ಯಾರ ಮೇಲೆ ಎಂಬುದರಲ್ಲಿ ಮಾತ್ರ ಆ ರಾತ್ರಿ ಲೆಕ್ಕ ಕೂಡಲಿಲ್ಲ. ಅಣ್ಣನ ಹಣ ಉಳಿಸಿಕೊಟ್ಟೆವು ಎಂದು ಇವರು. ಅಜ್ಜನ ಹಣದಲ್ಲಿ ಬದುಕಿದರು ಎಂದು ಹವಾಯಿಯ ಮನೆಯಲ್ಲಿ ಕೇಳಿ ಬೆಳೆದ ಮಾತು. ವೃದ್ಧ ಅತ್ತೆಯ ಹತ್ತಿರ ಮೂರನೆಯ ಲೆಕ್ಕವಿತ್ತು: ಯುದ್ಧದ ವರ್ಷಗಳಲ್ಲಿ ಹಣವೂ ಬರಲಿಲ್ಲ, ಕಾಗದವೂ ಬರಲಿಲ್ಲ, ಆಗ ತನ್ನ ತಾಯಿ ಕಿವಿಯ ಓಲೆ ಮಾರಿ ಅಣ್ಣನ ಗದ್ದೆ ಉಳಿಸಿದಳು. ಹವಾಯಿಯಲ್ಲಿ ಈ ಓಲೆಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಗಂಡ ಅಲ್ಲೇ ಸಹಿ ಹಾಕಲು ಸಿದ್ಧನಾದ. ತಡೆದವಳು ಹೆಂಡತಿ, ಅದೂ ಜಿಪುಣತನದಿಂದಲ್ಲ. ಅವನ ಅಣ್ಣ, ತಂಗಿ ಇಬ್ಬರೂ ಹಕ್ಕುದಾರರೇ. ಅವರಿಬ್ಬರನ್ನು ಬಿಟ್ಟು ಇವನೊಬ್ಬನ ಸಹಿಯಿಂದ ಏನಾದೀತು? ಹೊನೊಲುಲುವಿನಲ್ಲಿ ನೋಟರಿಯ ಮುಂದೆ ಮೂವರೂ ಸಹಿ ಮಾಡಿ, ಸರ್ಕಾರದ ಮುದ್ರೆ ಹಾಕಿಸಿ ಕಳಿಸಬೇಕು. ತಂಗಿ ಒಪ್ಪಬಹುದು, ಅಣ್ಣನದೇ ಕಷ್ಟ.

ನರ್ಸಿಂಗ್ ಓದುತ್ತಿದ್ದ ಮನೆಯ ಹುಡುಗಿ ಪತ್ರದ ಕರಡು ಟೈಪು ಮಾಡಿಕೊಟ್ಟಳು. ಹೊನೊಲುಲುವಿನಲ್ಲಿ ಒಂದು ಕೋಣೆಗೆ ಬಾಡಿಗೆ ಎಷ್ಟು ಎಂದು ಕೇಳಿದಳು. ಉತ್ತರ ಕೇಳಿ ಬೆರಗಾದಳು, ಆಮೇಲೆ ಅದನ್ನು ಬರೆದಿಟ್ಟುಕೊಂಡಳು. ಹೊರಡುವ ದಿನ ಖಾಲಿ ಪೆಟ್ಟಿಗೆಯನ್ನು ಯಾರೂ ಎಸೆಯಲಿಲ್ಲ, ಮಡಿಸಿ ಅಟ್ಟದ ಮೇಲಿಟ್ಟರು. ಅತ್ತೆ ತನ್ನ ಕೈಯನ್ನು ತಾನೇ ಮುಂದೆ ಚಾಚಿದಳು, ಅರವತ್ತು ದಾಟಿದ ಗಂಡ ಬಗ್ಗಿ ಹಣೆಗೆ ಒತ್ತಿಕೊಂಡ. ಅಣ್ಣನಿಗೆ ಓಲೆಯ ವಿಷಯ ಹೇಳು ಎಂದಳು ಆಕೆ.